ಕಿರಣಚಿತ್ರದ ಕೊನೆಯ ಕಣ್ಣು

ದೂರದರ್ಶಕ ಅಂದ ಕೂಡಲೇ ಯಾರೇ ಆದರೂ ಕೇಳುವ ಮೊದಲ ಪ್ರಶ್ನೆ ಒಂದೇ: ‘ಎಷ್ಟು ದೊಡ್ಡದಾಗಿ ಕಾಣುತ್ತೆ?’ ಮಾರುವವರಿಗೂ ಇದು ಚೆನ್ನಾಗಿ ಗೊತ್ತು. ಹಾಗಾಗಿಯೇ ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ, ಪಕ್ಕದಲ್ಲಿ ಯಾವುದೋ ಬಾಹ್ಯಾಕಾಶ ನೌಕೆ ತೆಗೆದ ಶನಿಯ ಚಿತ್ರ ಅಂಟಿಸಿರುತ್ತಾರೆ. ನಮ್ಮ ನೆಂಟರ ಮನೆಯೊಂದರ ಅಟ್ಟದ ಮೇಲೆ ಅಂಥದೊಂದು ಪೆಟ್ಟಿಗೆ ಇದೆ. ಮಗನ ಹುಟ್ಟುಹಬ್ಬಕ್ಕೆಂದು ತಂದದ್ದು. ಎರಡು ರಾತ್ರಿ ನೋಡಿದರಂತೆ. ಕಂಡದ್ದು ಮಂಕಾದ, ಮುಟ್ಟಿದರೆ ನಡುಗುವ, ಏನೆಂದು ಹೇಳಲಾಗದ ಬೆಳಕಿನ ಮುದ್ದೆ. ಮೂರನೆಯ ರಾತ್ರಿ ಅದು ಅಟ್ಟ ಸೇರಿತು. ಹುಡುಗನಿಗೆ ಆಕಾಶದ ಬಗ್ಗೆ ಇದ್ದ ಕುತೂಹಲವೂ ಬಹುಶಃ ಅದರ ಜೊತೆಗೇ ಅಟ್ಟ ಹತ್ತಿತು.

ಪೆಟ್ಟಿಗೆಯ ಮೇಲಿನ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ದೂರದರ್ಶಕದ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ಬರುವುದೇ ವರ್ಧನೆ. ಆ ಕೊಳವೆಯ ಮುಂದಿನ ಮಸೂರ 70 ಮಿಲಿಮೀಟರ್ ಅಗಲ, ಸಂಗಮದೂರ 700. ಜೊತೆಗೆ ಕೊಟ್ಟ ಅತಿ ಚಿಕ್ಕ ಐಪೀಸು 4 ಮಿಲಿಮೀಟರಿನದು. 700ನ್ನು 4ರಿಂದ ಭಾಗಿಸಿದರೆ 175. ಅದರ ಮಧ್ಯೆ ಮೂರು ಪಟ್ಟಿನ ಬಾರ್ಲೋ ಮಸೂರ ತೂರಿಸಿದರೆ 525. ಗಣಿತ ಸರಿ. ಆದರೆ ಮುಂದಿನ ಗಾಜಿನ ಅಗಲದ ಪ್ರತಿ ಮಿಲಿಮೀಟರಿಗೆ ಹೆಚ್ಚೆಂದರೆ ಎರಡು ಪಟ್ಟು ಎಂಬುದು ಬಳಸುವವರು ಕಂಡುಕೊಂಡ ಮಿತಿ. 70 ಮಿಲಿಮೀಟರಿಗೆ 140. ಅದರಾಚೆ ಹಿಗ್ಗಿಸಿದರೆ ಬಿಂಬ ದೊಡ್ಡದಾಗುತ್ತದೆ, ಹೊಸ ವಿವರ ಒಂದೂ ಬರುವುದಿಲ್ಲ. ಸಿಕ್ಕ ಬೆಳಕೇ ಇನ್ನಷ್ಟು ಜಾಗಕ್ಕೆ ಹರಡಿ ಕಪ್ಪಾಗುತ್ತದೆ.

ನಾನು ಭೌತಶಾಸ್ತ್ರದವಳಲ್ಲ. ಕನ್ನಡ ಶಾಸನಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಆದರೆ ಈ ಖಾಲಿ ವರ್ಧನೆ ನನಗೆ ದಿನನಿತ್ಯದ ಪರಿಚಯ. ಶಾಸನದ ಪಡಿಯಚ್ಚನ್ನು ಸ್ಕ್ಯಾನ್ ಮಾಡಿದ ಚಿತ್ರ ತೆರೆದು, ಸವೆದುಹೋದ ಅಕ್ಷರವೊಂದು ‘ವ’ವೋ ‘ಪ’ವೋ ತಿಳಿಯದೆ ಹಿಗ್ಗಿಸುತ್ತಾ ಹೋಗುತ್ತೇನೆ. ಒಂದು ಹಂತದವರೆಗೆ ಅಕ್ಷರ ಹತ್ತಿರ ಬರುತ್ತದೆ. ಆಮೇಲೆ ಪರದೆಯ ತುಂಬ ಬೂದು ಚೌಕಗಳು ಮಾತ್ರ. ಕಲ್ಲಿನಿಂದ ಕಾಗದಕ್ಕೆ ಬಾರದೇ ಹೋದದ್ದನ್ನು ಯಾವ ಪರದೆಯೂ ಕೊಡಲಾರದು. ದೂರದರ್ಶಕದಲ್ಲೂ ಅಷ್ಟೇ. ಮುಂದಿನ ಗಾಜು ಅಥವಾ ಕನ್ನಡಿ ಹಿಡಿದು ತಂದದ್ದನ್ನು ಮಾತ್ರ ಐಪೀಸು ಓದಬಲ್ಲದು.

ಇಷ್ಟೆಲ್ಲ ತಲೆಗೆ ಹಚ್ಚಿಕೊಳ್ಳಲು ಕಾರಣ ಅಪ್ಪ.

ಅಪ್ಪ ತಿಪಟೂರಿನ ಕಡೆಯ ಒಂದು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಭೌತಶಾಸ್ತ್ರ ಹೇಳಿಕೊಟ್ಟವರು. ಪ್ರತಿವರ್ಷ ದ್ಯುತಿ ಉಪಕರಣಗಳ ಪಾಠ ಬಂದಾಗ ಹಲಗೆಯ ಮೇಲೆ ದೂರದರ್ಶಕದ ಕಿರಣಚಿತ್ರ ಬರೆಯುತ್ತಿದ್ದರು. ಎಡಕ್ಕೆ ವಸ್ತುಕ, ಬಲಕ್ಕೆ ನೇತ್ರಕ, ನಡುವೆ ಒಂದನ್ನೊಂದು ದಾಟಿ ಹೋಗುವ ಗೆರೆಗಳು. ಬಲತುದಿಯಲ್ಲಿ ಒಂದು ಕಣ್ಣು. ಅದಕ್ಕೆ ಮೇಲೆ ಮೂರು, ಕೆಳಗೆ ಎರಡು ರೆಪ್ಪೆಗೂದಲನ್ನೂ ಬರೆಯುತ್ತಿದ್ದರು. ನಾನೂ ಅವರ ಕಾಲೇಜಿನಲ್ಲೇ ಓದಿದ್ದರಿಂದ ಆ ಚಿತ್ರ ಚೆನ್ನಾಗಿ ನೆನಪಿದೆ. ಹುಡುಗರು ‘ಸಾರ್, ಕಣ್ಣು ಬರೀಬೇಕಾ?’ ಎಂದು ಕೇಳಿದರೆ, ‘ಬರೀರಿ, ಆದ್ರೆ ಅದಕ್ಕೆ ಮಾರ್ಕ್ಸ್ ಇಲ್ಲ’ ಅನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ಅವರು ಕಣ್ಣಿಟ್ಟು ನೋಡಿದ ದೂರದರ್ಶಕವೆಂದರೆ ಪ್ರಯೋಗಾಲಯದ ಸ್ಪೆಕ್ಟ್ರೋಮೀಟರಿನ ಗೇಣುದ್ದದ ಕೊಳವೆ ಒಂದೇ. ಅದರಲ್ಲಿ ಕಾಣುವುದು ಸೋಡಿಯಂ ದೀಪದ ಹಳದಿ ಗೆರೆ. ಜಿ.ಟಿ. ನಾರಾಯಣರಾಯರ ಖಗೋಳದ ಪುಸ್ತಕಗಳು ಮನೆಯಲ್ಲಿದ್ದವು, ಅವನ್ನು ಹಿಡಿದು ನಮ್ಮನ್ನು ತಾರಸಿಗೆ ಕರೆದೊಯ್ದು ನಕ್ಷತ್ರಗಳ ಹೆಸರು ಹೇಳಿಕೊಟ್ಟವರೂ ಅವರೇ. ಆದರೆ ಶನಿಯ ಬಳೆಯನ್ನು ಅವರು ನೋಡಿರಲಿಲ್ಲ.

2022ರಲ್ಲಿ ನಿವೃತ್ತರಾದರು. ಮರುವರ್ಷ ಬಲಗಣ್ಣಿನ ಪೊರೆಯ ಆಪರೇಷನ್ ಆಯಿತು. ಎಡಗಣ್ಣಿಗೂ ಬೇಗ ಮಾಡಿಸಿ ಅಂದಿದ್ದರು ಡಾಕ್ಟರು. ಅಪ್ಪ ಮುಂದೂಡುತ್ತಲೇ ಬಂದರು. ‘ಒಂದು ಕಣ್ಣಲ್ಲಿ ಪೇಪರ್ ಓದ್ತಾ ಇದೀನಲ್ಲ, ಸಾಕು’ ಅನ್ನುವುದು ಅವರ ವಾದ. ಅಮ್ಮ ಮಾತ್ರ, ಮೆಟ್ಟಿಲಿಳಿಯುವಾಗ ಅವರು ಗೋಡೆ ಹಿಡಿಯುವುದನ್ನು ನನಗೆ ಕಣ್ಸನ್ನೆಯಲ್ಲಿ ತೋರಿಸುತ್ತಿದ್ದರು.

2024ರ ನವೆಂಬರಿನಲ್ಲಿ ನನಗೆ ನಾಲ್ಕು ತಿಂಗಳ ಬಾಕಿ ಫೆಲೋಶಿಪ್ಪು ಒಟ್ಟಿಗೆ ಬಂತು. ಮೆಸ್ಸಿನ ಬಾಕಿ, ಲ್ಯಾಪ್‌ಟಾಪ್ ರಿಪೇರಿ ಕಳೆದು ಉಳಿದದ್ದರಲ್ಲಿ ದೂರದರ್ಶಕ ಕೊಳ್ಳುವುದೆಂದು ನಿರ್ಧರಿಸಿದೆ. 130 ಮಿಲಿಮೀಟರ್ ಅಗಲದ ಕನ್ನಡಿಯದು, ಸಂಗಮದೂರ 650. ಮೂರು ಕಾಲಿನ ಸ್ಟ್ಯಾಂಡ್ ಇಲ್ಲ. ಮೇಜಿನ ಮೇಲಿಟ್ಟು ಕೈಯಲ್ಲೇ ಅತ್ತಿತ್ತ ತಿರುಗಿಸುವ ಡಾಬ್ಸೋನಿಯನ್ ಬಗೆ. ಜೊತೆಗೆ ಎರಡು ಐಪೀಸು: 25 ಮತ್ತು 10. ಅಂದರೆ 26 ಪಟ್ಟು ಮತ್ತು 65 ಪಟ್ಟು. ‘ಇನ್ನೂ ಒಂದು ಐಪೀಸು, ಒಂದೆರಡು ಪರಿಕರ ತಗೋಬಹುದು. ಯಾವುದು ಬೇಕು ನೀವೇ ಹೇಳಿ’ ಎಂದು ಅಪ್ಪನಿಗೆ ಫೋನು ಮಾಡಿದೆ. ಆ ಶನಿವಾರ ಊರಿಗೆ ಹೋದಾಗ ಅವರು ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಅದರ ಬೆನ್ನಿನ ಮೇಲೆ ಲೆಕ್ಕ ಹಾಕಿ ಕೂತಿದ್ದರು.

ಬೋಧಿಸುವಾಗ ಎಂದೂ ಬೇಕಾಗದಿದ್ದ ಒಂದು ಸಂಖ್ಯೆ ಅವರಿಗೆ ಸಿಕ್ಕಿತ್ತು. ಐಪೀಸಿನಿಂದ ಹೊರಬರುವ ಬೆಳಕಿನ ಕಟ್ಟು ಎಷ್ಟು ದಪ್ಪ ಅನ್ನುವುದು ಅದು. ಇಂಗ್ಲಿಷಿನವರು ಎಕ್ಸಿಟ್ ಪ್ಯುಪಿಲ್ ಅನ್ನುತ್ತಾರೆ. ಕನ್ನಡಿಯ ಅಗಲವನ್ನು ವರ್ಧನೆಯಿಂದ ಭಾಗಿಸಿದರೆ ಸಿಗುತ್ತದೆ. 26 ಪಟ್ಟಿಗೆ 130ನ್ನು ಭಾಗಿಸಿದರೆ 5 ಮಿಲಿಮೀಟರ್. 65 ಪಟ್ಟಿಗೆ 2. ಅಟ್ಟದ ಮೇಲಿನ ಆ ದೂರದರ್ಶಕದಲ್ಲಿ 525 ಪಟ್ಟಿಗೆ 0.13 ಮಿಲಿಮೀಟರ್, ಕಣ್ಣೊಳಗೆ ಕೂದಲೆಳೆಯಷ್ಟು ಬೆಳಕು. ಕತ್ತಲೆಯಲ್ಲಿ ಎಳೆಯರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅರಳುತ್ತದೆ. ವಯಸ್ಸಾದಂತೆ ಅದು 5ಕ್ಕೋ ಅದಕ್ಕಿಂತ ಕಡಿಮೆಗೋ ಇಳಿಯುತ್ತದೆ. 32 ಮಿಲಿಮೀಟರಿನ ಐಪೀಸು ಕೊಂಡರೆ 20 ಪಟ್ಟಿನಲ್ಲಿ ಆಕಾಶ ವಿಶಾಲವಾಗಿ ಕಾಣುತ್ತದೆ ಎಂದು ನಾನು ಯೋಚಿಸಿದ್ದೆ. ಅಪ್ಪ ಹಾಳೆಯ ಮೇಲೆ ಬೆರಳಿಟ್ಟರು. ‘ಅದರಿಂದ ಬರೋ ಕಟ್ಟು 6.4 ಮಿಲಿಮೀಟರ್. ನಿನ್ನ ಕಣ್ಣಿಗೆ ಹಿಡಿಸುತ್ತೆ. ನನ್ನ ಪಾಪೆ ಅಷ್ಟು ಅಗಲ ಆಗಲ್ಲ ಮಗಾ. ಅಂಚಿನ ಬೆಳಕು ಹೊರಗೇ ಚೆಲ್ಲಿ ಹೋಗುತ್ತೆ.’

ಅಂದರೆ ಒಂದೇ ದೂರದರ್ಶಕ, ಒಂದೇ ಐಪೀಸು. ನನಗೆ ಕಾಣುವಷ್ಟು ಅಪ್ಪನಿಗೆ ಕಾಣುವುದಿಲ್ಲ. ಆ ಚಿತ್ರದಲ್ಲಿ ಅಂಕವಿಲ್ಲದ ಕಣ್ಣು ಮೊದಲ ಸಲ ಲೆಕ್ಕದೊಳಗೆ ಬಂದಿತ್ತು.

ಎರಡನೆಯ ತೊಡಕು ಕನ್ನಡಕದ್ದು. ಬರೀ ಹತ್ತಿರದೃಷ್ಟಿಯೋ ದೂರದೃಷ್ಟಿಯೋ ಆಗಿದ್ದರೆ ಕನ್ನಡಕ ತೆಗೆದಿಟ್ಟು ಫೋಕಸ್ಸಿನ ತಿರುಗಣೆ ತುಸು ತಿರುಗಿಸಿದರೆ ಸಾಕು, ದೂರದರ್ಶಕವೇ ಕನ್ನಡಕದ ಕೆಲಸ ಮಾಡುತ್ತದೆ. ಆದರೆ ಅಪ್ಪನಿಗೆ ಸಿಲಿಂಡರ್ ನಂಬರ್ ಇದೆ. ಅದನ್ನು ಯಾವ ತಿರುಗಣೆಯೂ ಸರಿಮಾಡದು. ನಕ್ಷತ್ರ ಚುಕ್ಕೆಯಾಗುವ ಬದಲು ಗೀಟಾಗಿ ಕಾಣುತ್ತದೆ. ಕನ್ನಡಕ ಹಾಕಿಕೊಂಡೇ ನೋಡಬೇಕೆಂದರೆ ಐಪೀಸಿನ ಗಾಜಿಗೂ ಕಣ್ಣಿಗೂ ನಡುವೆ ಒಂದೂವರೆ, ಎರಡು ಸೆಂಟಿಮೀಟರ್ ಜಾಗ ಬೇಕು. ಇದಕ್ಕೆ ಐ ರಿಲೀಫ್ ಎಂದು ಹೆಸರು. ಸಾಮಾನ್ಯವಾಗಿ ಸಿಗುವ ಪ್ಲಾಸಲ್ ಬಗೆಯ ಐಪೀಸಿನಲ್ಲಿ ಈ ಜಾಗ ಅದರ ಸಂಗಮದೂರದ ಮುಕ್ಕಾಲು ಭಾಗದ ಆಸುಪಾಸು ಇರುತ್ತದೆ. 25 ಮಿಲಿಮೀಟರಿನದಕ್ಕೆ ಹೇಗೋ ಸಾಕು. 6 ಮಿಲಿಮೀಟರಿನದಕ್ಕೆ ನಾಲ್ಕೈದು ಮಿಲಿಮೀಟರ್ ಮಾತ್ರ. ಕನ್ನಡಕವಿರಲಿ, ರೆಪ್ಪೆಗೂದಲೇ ಗಾಜಿಗೆ ತಾಗಿ ಜಿಡ್ಡು ಹತ್ತುತ್ತದೆ. ಅಪ್ಪ ಹಲಗೆಯ ಮೇಲೆ ಬರೆಯುತ್ತಿದ್ದ ಆ ರೆಪ್ಪೆಗೂದಲು ನನಗೆ ನೆನಪಾದದ್ದು ಆಗ.

ಇದಕ್ಕೊಂದು ಸಮಾಧಾನವೂ ಇದೆ. ಬೆಳಕಿನ ಕಟ್ಟು ತೆಳುವಾದಷ್ಟೂ ಅದು ಕಣ್ಣಿನ ನಟ್ಟನಡುವಿನ ಚಿಕ್ಕ ಭಾಗದಿಂದಷ್ಟೇ ಹಾದುಹೋಗುತ್ತದೆ. ಹಾಗಾಗಿ ಕಣ್ಣಿನ ಡೊಂಕು ಅಷ್ಟಾಗಿ ಅಡ್ಡ ಬರುವುದಿಲ್ಲ. ಹೆಚ್ಚು ವರ್ಧನೆಯಲ್ಲಿ, ಕಟ್ಟು ಒಂದು ಮಿಲಿಮೀಟರಿನ ಹತ್ತಿರ ಇದ್ದಾಗ, ಸಿಲಿಂಡರ್ ನಂಬರಿನವರೂ ಎಷ್ಟೋ ಸಲ ಕನ್ನಡಕ ತೆಗೆದು ನೋಡಬಹುದು. ಕಡಿಮೆ ವರ್ಧನೆಯಲ್ಲಿ ಕನ್ನಡಕ ಬೇಕು, ಅಲ್ಲಿ ಜಾಗವೂ ಇರುತ್ತದೆ. ಹೆಚ್ಚು ವರ್ಧನೆಯಲ್ಲಿ ಜಾಗ ಕಡಿಮೆ, ಆದರೆ ಕನ್ನಡಕದ ಅಗತ್ಯವೂ ಕಡಿಮೆ. ಅಪ್ಪ ಇದನ್ನು ಎರಡು ಸಲ ಓದಿ, ‘ಪರವಾಗಿಲ್ಲ, ಪ್ರಕೃತಿಗೆ ಸ್ವಲ್ಪ ಕರುಣೆ ಇದೆ’ ಅಂದರು.

ಮೂರನೆಯದು ವಿಸ್ತಾರ. ನಮ್ಮದು ತಾನಾಗಿ ತಿರುಗುವ ಯಂತ್ರವಲ್ಲ. ಭೂಮಿ ತಿರುಗುತ್ತಿರುತ್ತದೆ, ಗುರು ಐಪೀಸಿನ ಒಂದು ಅಂಚಿನಿಂದ ಬಂದು ಇನ್ನೊಂದು ಅಂಚಿಗೆ ಸರಿದು ಮರೆಯಾಗುತ್ತಾನೆ. 6 ಮಿಲಿಮೀಟರಿನ ಪ್ಲಾಸಲ್‌ನಲ್ಲಿ, 108 ಪಟ್ಟಿನಲ್ಲಿ, ಕಾಣುವ ಆಕಾಶ ಅರ್ಧ ಡಿಗ್ರಿಗೂ ಕಡಿಮೆ. ಗ್ರಹ ಎರಡು ನಿಮಿಷದ ಹೊತ್ತಿಗೆ ಓಡಿಹೋಗಿರುತ್ತದೆ. ಅದೇ 6 ಮಿಲಿಮೀಟರಿನಲ್ಲಿ 66 ಡಿಗ್ರಿ ನೋಟದ ಐಪೀಸು ಕೊಂಡರೆ ಎರಡೂವರೆ ನಿಮಿಷ ಸಿಗುತ್ತದೆ. ಅರ್ಧ ನಿಮಿಷವೇನು ಮಹಾ ಅನ್ನಿಸಬಹುದು. ಆದರೆ ನಾನು ಗ್ರಹವನ್ನು ಹುಡುಕಿ ಹಿಡಿದು, ಪಕ್ಕಕ್ಕೆ ಸರಿದು, ಅಪ್ಪ ಕನ್ನಡಕ ತೆಗೆದು ಅಮ್ಮನ ಕೈಗೆ ಕೊಟ್ಟು, ಬಗ್ಗಿ, ಕಣ್ಣು ಹೊಂದಿಸುವಷ್ಟರಲ್ಲಿ ಆ ಅರ್ಧ ನಿಮಿಷಕ್ಕೆ ಭಾರಿ ಬೆಲೆ ಬರುತ್ತದೆ.

ಬಾರ್ಲೋ ಮಸೂರದ ವಿಷಯವೂ ಚರ್ಚೆಯಾಯಿತು. ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೋ ಹೆಸರಿನ ಈ ನಿಮ್ನ ಮಸೂರವನ್ನು ಐಪೀಸಿನ ಮುಂದೆ ಕೂರಿಸಿದರೆ ವರ್ಧನೆ ಎರಡು ಪಟ್ಟಾಗುತ್ತದೆ, ಐ ರಿಲೀಫ್ ಕಡಿಮೆಯಾಗುವುದಿಲ್ಲ. ಎರಡು ಐಪೀಸಿರುವವರಿಗೆ ನಾಲ್ಕು ಸಿಕ್ಕಂತೆ. ಆದರೆ ಲೆಕ್ಕ ನೋಡಿ ಕೊಳ್ಳಬೇಕು. 20 ಮತ್ತು 10ರ ಐಪೀಸಿರುವವರು ಎರಡು ಪಟ್ಟಿನ ಬಾರ್ಲೋ ಕೊಂಡರೆ 20 ಹೋಗಿ 10 ಆಗುತ್ತದೆ, ಅದು ಆಗಲೇ ಇದೆ. ನಮ್ಮ 25 ಮತ್ತು 10ಕ್ಕೆ ಹಾಗಾಗುವುದಿಲ್ಲ: 26, 52, 65, 130 ಪಟ್ಟು. ಹಣದ ದೃಷ್ಟಿಯಿಂದ ಇದೇ ಜಾಣತನದ ಆಯ್ಕೆ. ಆದರೂ ಅಪ್ಪನಿಗಾಗಿ ನಾವು 66 ಡಿಗ್ರಿಯ 6 ಮಿಲಿಮೀಟರ್ ಐಪೀಸನ್ನೇ ಆರಿಸಿದೆವು. ಕಣ್ಣಿಡಲು ಜಾಗ ಹೆಚ್ಚು, ಕತ್ತಲೆಯಲ್ಲಿ ಬಿಚ್ಚಿ ಜೋಡಿಸುವ ಗಲಾಟೆ ಕಡಿಮೆ. ಬೆಳಕಿನ ಕಟ್ಟು 1.2 ಮಿಲಿಮೀಟರ್.

ಇಷ್ಟು ಪುಟ್ಟ ಗಾಜಿನ ಗುಂಡಿಯ ಹಿಂದೆ ನಾಲ್ಕು ಶತಮಾನದ ಕೆಲಸವಿದೆ. ಗೆಲಿಲಿಯೋ ಕಣ್ಣಿನ ಕಡೆಗೆ ಇಟ್ಟದ್ದು ನಿಮ್ನ ಮಸೂರ. ಅವನಿಗೆ ಚಂದ್ರ ಪೂರ್ತಿಯಾಗಿ ಕಾಣುತ್ತಿರಲಿಲ್ಲ, ತುಂಡು ತುಂಡಾಗಿ ನೋಡಬೇಕಿತ್ತು. 1610ರಲ್ಲಿ ಶನಿಯನ್ನು ನೋಡಿದಾಗ ಬಳೆ ಅವನಿಗೆ ಬಳೆಯಾಗಿ ಕಾಣಲಿಲ್ಲ. ಶನಿ ಮೂರು ಗೋಲಗಳ ಜೋಡಣೆ ಅಂದುಕೊಂಡ. ಎರಡೂ ಕಡೆ ಪೀನ ಮಸೂರ ಇಡಬಹುದೆಂದು 1611ರಲ್ಲಿ ಕೆಪ್ಲರ್ ಬರೆದ. ಅಪ್ಪ ಹಲಗೆಯ ಮೇಲೆ ಬರೆಯುತ್ತಿದ್ದುದು ಆ ಚಿತ್ರವನ್ನೇ. ಅದು ಬಳೆ ಎಂದು 1659ರಲ್ಲಿ ಪ್ರಕಟಿಸಿದ ಹೈಗನ್ಸ್, ಎರಡು ಮಸೂರ ಕೂಡಿಸಿ ಉತ್ತಮವಾದ ಐಪೀಸನ್ನೂ ಮಾಡಿದ. ವಿಯೆನ್ನಾದ ಪ್ಲಾಸಲ್ 1860ರಲ್ಲಿ ರೂಪಿಸಿದ ನಾಲ್ಕು ಮಸೂರಗಳ ವಿನ್ಯಾಸ ನೂರಕ್ಕೂ ಹೆಚ್ಚು ವರ್ಷದ ಮೇಲೆ ಹವ್ಯಾಸಿಗಳ ಮನೆಮಾತಾಯಿತು. ಅಪೊಲೊ ಗಗನಯಾತ್ರಿಗಳ ತರಬೇತಿಯ ಸಿಮ್ಯುಲೇಟರಿಗೆ ದ್ಯುತಿವ್ಯವಸ್ಥೆ ರೂಪಿಸಿದ್ದ ಅಮೆರಿಕದ ಆಲ್ ನೇಗ್ಲರ್, ಆಮೇಲೆ 82 ಡಿಗ್ರಿ ನೋಟದ ಐಪೀಸು ತಂದರು. ಅಂಥದೊಂದರ ಬೆಲೆಗೆ ನಮ್ಮಂಥ ಇಡೀ ದೂರದರ್ಶಕವೇ ಬಂದುಬಿಡುತ್ತದೆ. ಅಪ್ಪನಿಗೆ ಈ ಕಥೆಯೆಲ್ಲ ಹೇಳಿದಾಗ ಅವರು ನಕ್ಕರು. ‘ಸಿಲೆಬಸ್ಸು ಕೆಪ್ಲರ್‌ಗೇ ನಿಂತುಬಿಟ್ಟಿತ್ತು ನೋಡು.’

ಉಳಿದ ಪರಿಕರಗಳಿಗೆ ಹೆಚ್ಚು ಖರ್ಚಾಗಲಿಲ್ಲ. ಬಣ್ಣಬಣ್ಣದ ಫಿಲ್ಟರುಗಳ ಪೆಟ್ಟಿಗೆ ಬೇಡವೆಂದು ಬಿಟ್ಟೆವು. ಚಂದ್ರನ ಬೆಳಕು ಕಣ್ಣಿಗೆ ಹಾನಿ ಮಾಡದಿದ್ದರೂ ಚುಚ್ಚುತ್ತದೆ ಎಂದು ಅದಕ್ಕೊಂದು ಫಿಲ್ಟರು ತಂದೆ. ಗುರಿ ಹಿಡಿಯಲು ಕೆಂಪು ಚುಕ್ಕೆಯ ಫೈಂಡರು ಜೊತೆಗೇ ಬಂದಿತ್ತು. ಅದನ್ನು ಹಗಲಿನಲ್ಲೇ, ಊರಾಚೆಯ ಮೊಬೈಲ್ ಟವರಿನ ತುದಿಗೆ ಹೊಂದಿಸಿಟ್ಟೆವು. ಕತ್ತಲಿಗೆ ಕಣ್ಣು ಪಳಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಂದು ಬಿಳಿ ಟಾರ್ಚು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಅಮ್ಮ ದೀಪಾವಳಿಯ ಆಕಾಶಬುಟ್ಟಿಯಲ್ಲಿ ಉಳಿದಿದ್ದ ಕೆಂಪು ಹಾಳೆಯನ್ನು ಎರಡು ಪದರ ಮಡಿಸಿ ಟಾರ್ಚಿನ ಬಾಯಿಗೆ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿದರು. ಮಳೆಗಾಲದ ತೇವಕ್ಕೆ ಗಾಜಿನ ಮೇಲೆ ಬೂಷ್ಟು ಬರುವುದರಿಂದ ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಗಾಜಿನ ಧೂಳು ಊದಲು ರಬ್ಬರಿನ ಬಲೂನು. ಪಂಚೆಯ ಅಂಚಿಗೂ ಸೀರೆಯ ಸೆರಗಿಗೂ ಅಲ್ಲಿ ಪ್ರವೇಶವಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡಿಸಿ ಹೇಳಬೇಕು. ಅಗ್ಗದ ದೂರದರ್ಶಕಗಳ ಜೊತೆ ಕೆಲವೊಮ್ಮೆ ಐಪೀಸಿಗೆ ತಿರುಪಿ ಕೂರಿಸುವ ‘ಸೂರ್ಯನ ಫಿಲ್ಟರು’ ಕೊಟ್ಟಿರುತ್ತಾರೆ. ಅದನ್ನು ಕೂಡಲೇ ಎಸೆಯಬೇಕು. ಕನ್ನಡಿ ಒಟ್ಟುಗೂಡಿಸಿದ ಬಿಸಿಲು ಬೀಳುವುದು ಅದರ ಮೇಲೇ. ನೋಡುತ್ತಿರುವಾಗಲೇ ಅದು ಸೀಳಿದರೆ ಕಣ್ಣು ಹೋದಂತೆ. ಸೂರ್ಯನನ್ನು ನೋಡುವ ಫಿಲ್ಟರು ಕೊಳವೆಯ ಮುಂಬಾಯಿಯನ್ನು ಪೂರ್ತಿ ಮುಚ್ಚುವಂಥದ್ದಿರಬೇಕು, ಬೆಳಕು ಒಳಗೆ ಹೋಗುವ ಮೊದಲೇ ತಡೆಯಬೇಕು. ನಾನು ಓದುವ ಶಾಸನಗಳಲ್ಲಿ ಅದೆಷ್ಟೋ ದಾನಗಳು ಸೂರ್ಯಗ್ರಹಣದ ದಿನ ಕೊಟ್ಟಂಥವು. ಗ್ರಹಣ ಹಿಡಿದದ್ದನ್ನು ಹೇಗೆ ನೋಡುತ್ತಿದ್ದರೋ ಕಲ್ಲಿನಲ್ಲಿ ಬರೆದಿಲ್ಲ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಪರಿಕರ ನಮ್ಮ ಬಚ್ಚಲಮನೆಯ ಪ್ಲಾಸ್ಟಿಕ್ ಸ್ಟೂಲು. ನಿಂತು ಬಗ್ಗಿ ನೋಡುವವರ ತಲೆ ಅಲ್ಲಾಡುತ್ತದೆ, ಸೊಂಟ ಹಿಡಿಯುತ್ತದೆ, ಒಂದು ನಿಮಿಷದಲ್ಲಿ ‘ಆಯ್ತು, ನೋಡಿದೆ’ ಅಂದುಬಿಡುತ್ತಾರೆ. ಕೂತವರು ಹತ್ತು ನಿಮಿಷ ನೋಡುತ್ತಾರೆ. ಗಾಳಿ ನಿಂತ ಗಳಿಗೆಯೊಂದರಲ್ಲಿ ಬಿಂಬ ತಟ್ಟನೆ ಸ್ಥಿರವಾಗುತ್ತದೆ. ಆಗ ಕಂಡದ್ದೇ ಕಂಡದ್ದು.

2024ರ ಡಿಸೆಂಬರ್ 8, ಭಾನುವಾರ, ಮಾರ್ಗಶಿರದ ಅಷ್ಟಮಿ. ತಾರಸಿಯ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ದೂರದರ್ಶಕ, ಪಕ್ಕದಲ್ಲಿ ಸ್ಟೂಲು. ಮೊದಲು ಚಂದ್ರ. ಹುಣ್ಣಿಮೆಯ ಚಂದ್ರನೇ ಚೆಂದ ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ಅಂದು ಬೆಳಕು ನೇರ ಬಿದ್ದು ನೆರಳೇ ಇರದು, ಎಲ್ಲ ಚಪ್ಪಟೆ. ಅರ್ಧಚಂದ್ರನಲ್ಲಿ ಬೆಳಕು ಕತ್ತಲೆಯ ಗಡಿಯ ಉದ್ದಕ್ಕೂ ಕುಳಿಗಳ ಅಂಚು ಎದ್ದು ನಿಲ್ಲುತ್ತದೆ. ಸವೆದ ಶಾಸನ ಓದುವಾಗ ನಾವು ಮಾಡುವುದೂ ಇದನ್ನೇ. ಟಾರ್ಚನ್ನು ಎದುರಿನಿಂದ ಹಿಡಿದರೆ ಕಲ್ಲು ಬೋಳು. ಪಕ್ಕದಿಂದ, ಮೇಲ್ಮೈಯನ್ನು ಸವರುವಂತೆ ಹಿಡಿದರೆ ಅಕ್ಷರಗಳ ಗುಣಿಯಲ್ಲಿ ನೆರಳು ತುಂಬಿ ಸಾಲು ಓದಿಸಿಕೊಳ್ಳುತ್ತದೆ. ಇದನ್ನು ಹೇಳಿದಾಗ ಅಪ್ಪ, ಐಪೀಸಿನಿಂದ ಕಣ್ಣು ತೆಗೆಯದೆ, ‘ಹಾಗಾದ್ರೆ ಇದೂ ನಿನ್ನ ಥೀಸಿಸ್ಸೇ’ ಅಂದರು.

ಅಂದು ಚಂದ್ರನ ಹತ್ತಿರದಲ್ಲೇ ಶನಿ ಇದ್ದ. 6 ಮಿಲಿಮೀಟರ್ ಹಾಕಿದೆ. ಅಪ್ಪ ಕನ್ನಡಕ ತೆಗೆದು ಬಲಗಣ್ಣಿಟ್ಟರು. ತುಂಬ ಹೊತ್ತು ಮಾತಿಲ್ಲ. ಗ್ರಹ ಜಾರಿಹೋಯಿತೇನೋ ಎಂದು ನಾನು ಕೊಳವೆಗೆ ಕೈ ಹಾಕಲು ಹೋದರೆ, ‘ತಡಿ, ಇದೆ’ ಅಂದರು. ಆ ವರ್ಷ ಬಳೆ ನಮ್ಮ ಕಡೆಗೆ ಬಹಳ ಕಿರಿದಾಗಿ ವಾಲಿತ್ತು, ಪುಸ್ತಕದ ಚಿತ್ರದ ಹಾಗಲ್ಲ. ಪುಟ್ಟ ಗುಂಡಿಗೆ ಅಡ್ಡಲಾಗಿ ಚುಚ್ಚಿದ ಸೂಜಿಯಂತಿತ್ತು. ‘ನಿಜವಾಗ್ಲೂ ಇದೆ ಕಣೇ’ ಎಂದು ಅಮ್ಮನನ್ನು ಕರೆದರು. ಅಷ್ಟು ವರ್ಷ ಪರೀಕ್ಷೆಗೆ ಬರೆಸಿದವರು, ಇದ್ದೀತೋ ಇಲ್ಲವೋ ಎಂಬ ಸಂಶಯ ಈಗ ತೀರಿತೆಂಬಂತೆ.

ಆಮೇಲೆ ಪೂರ್ವದಲ್ಲಿ ರೋಹಿಣಿಯ ಬಳಿ ಉರಿಯುತ್ತಿದ್ದ ಗುರು. ಆ ವಾರ ಅವನು ಭೂಮಿಯಿಂದ ಸೂರ್ಯನಿಗೆ ಎದುರಾಗಿ ಇದ್ದದ್ದರಿಂದ ಅತಿ ದೊಡ್ಡದಾಗಿ ಕಾಣುವ ಸಮಯ. 108 ಪಟ್ಟಿನಲ್ಲಿ ಗುರು, ಬರಿಗಣ್ಣಿನ ಚಂದ್ರನಿಗಿಂತ ಸುಮಾರು ಮೂರು ಪಟ್ಟು ಅಗಲ ಕಾಣುತ್ತಾನೆ ಎಂದರೆ ನೋಡಿದವರೂ ನಂಬುವುದಿಲ್ಲ. ಸುತ್ತಲಿನ ಕಪ್ಪಿನಲ್ಲಿ ಕಣ್ಣಿಗೆ ಅವನು ಕಡಲೆಕಾಳಷ್ಟೇ ಅನ್ನಿಸುತ್ತಾನೆ. ಬಲಗಣ್ಣಿನಲ್ಲಿ ಅಪ್ಪನಿಗೆ ಗುರುವಿನ ಮೈಮೇಲಿನ ಎರಡು ಪಟ್ಟೆ, ಪಕ್ಕದ ಉಪಗ್ರಹಗಳ ಚುಕ್ಕೆಗಳು ಕಂಡವು. ಕೂತು ಕೂತು ಆ ಕಣ್ಣು ದಣಿದಿರಬೇಕು, ಎಡಗಣ್ಣಿಟ್ಟರು. ಮತ್ತೆ ಬಲ. ಮತ್ತೆ ಎಡ. ನಾನು ಗ್ರಹವನ್ನು ಮತ್ತೆ ಮತ್ತೆ ನಡುವಿಗೆ ತಂದುಕೊಟ್ಟೆ.

‘ಬೇರೆ ಬೇರೆ ಬಣ್ಣ ಇದೆಯಲ್ಲ’ ಅಂದರು ಕೊನೆಗೆ. ಬಲಗಣ್ಣಿಗೆ ಗುರು ಬೆಳ್ಳಗೆ, ತುಸು ಕೆನೆಬಣ್ಣ. ಎಡಗಣ್ಣಿಗೆ ಹಳೇ ಪೋಸ್ಟ್‌ಕಾರ್ಡಿನ ಹಳದಿ. ಸುತ್ತ ಮಂಜು ಕವಿದ ಪ್ರಭೆ. ‘ಪಟ್ಟೆ ಇಲ್ಲ. ಪಕ್ಕದ ಚುಕ್ಕೆನೂ ಇಲ್ಲ. ಎಡಗಣ್ಣಿಗೆ ಗುರುವಿಗೆ ಮಕ್ಕಳೇ ಇಲ್ಲ ಮಗಾ.’

ಹಗಲಿನಲ್ಲಿ ಎರಡೂ ಕಣ್ಣು ಒಟ್ಟಿಗೆ ತೆರೆದಿರುತ್ತವೆ. ಚೆನ್ನಾಗಿರುವ ಕಣ್ಣು ಕೆಟ್ಟಿರುವ ಕಣ್ಣಿನ ಕೊರತೆಯನ್ನು ಮುಚ್ಚಿಕೊಂಡು ಹೋಗುತ್ತದೆ. ಆಸ್ಪತ್ರೆಯ ಅಕ್ಷರಗಳ ಹಲಗೆಯ ಮುಂದೆ ಒಂದು ಕಣ್ಣು ಮುಚ್ಚಿ ಓದಿಸಿದಾಗ ಅಪ್ಪ ಅದನ್ನು ಪರೀಕ್ಷೆಯಂತೆ ಪಾಸು ಮಾಡಿ ಬರಲು ನೋಡುತ್ತಿದ್ದರು. ಆದರೆ ದೂರದರ್ಶಕದ ಎದುರು ಒಂದೇ ಕಣ್ಣಿಗೆ ಜಾಗ. ಅಲ್ಲಿ ಅಂಕ ಕೊಡುವವರಿಲ್ಲ. ಕಂಡಿತೋ ಇಲ್ಲವೋ, ಅಷ್ಟೇ. ಅಮ್ಮ ಏನೂ ಅನ್ನಲಿಲ್ಲ. ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಅವರ ಕೈಗಿಟ್ಟರು. ಕೆಳಗಿಳಿಯುವಾಗ ಅಪ್ಪ ಎಂದಿನಂತೆ ಗೋಡೆ ಹಿಡಿದರು. ಅರ್ಧ ಮೆಟ್ಟಿಲಲ್ಲಿ ನಿಂತು, ‘ಸಂಕ್ರಾಂತಿ ಆದ್ಮೇಲೆ ಡೇಟ್ ಕೇಳು’ ಅಂದರು.

ಜನವರಿ ಕೊನೆಗೆ ಎಡಗಣ್ಣಿನ ಆಪರೇಷನ್ ಆಯಿತು. ಡ್ರಾಪ್ಸ್ ಹಾಕುವ ದಿನಗಳೆಲ್ಲ ಕಳೆಯುವ ಹೊತ್ತಿಗೆ ಶನಿ ಸೂರ್ಯನ ಬೆಳಕಿನಲ್ಲಿ ಮರೆಯಾಗಿದ್ದ. ಆ ಮಾರ್ಚಿನಲ್ಲಿ ಬಳೆ ಭೂಮಿಗೆ ಪೂರ್ತಿ ಅಂಚು ತಿರುಗಿಸಿತ್ತು. ನಾವು ಮಹಾವ್ಯಾಧನ ನೀಹಾರಿಕೆಯನ್ನೂ ಕೃತ್ತಿಕೆಯನ್ನೂ 25 ಮಿಲಿಮೀಟರಿನಲ್ಲಿ ನೋಡಿದೆವು. ಕೃತ್ತಿಕೆ ಆ ಐಪೀಸಿನ ಎರಡು ಡಿಗ್ರಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ. ಹೆಚ್ಚು ಪಟ್ಟು ಹಾಕಿದರೆ ಗೊಂಚಲೇ ಕಾಣದು, ಬಿಡಿ ಬಿಡಿ ನಕ್ಷತ್ರ ಉಳಿಯುತ್ತವೆ.

ಈಗ ಗೆಳೆಯರು, ಹಾಸ್ಟೆಲಿನ ಕಿರಿಯರು ‘ಯಾವ ಐಪೀಸು ತಗೊಳ್ಳಲಿ?’ ಎಂದು ಕೇಳುತ್ತಾರೆ. ನಾನು ಅವರನ್ನೇ ಕೇಳುತ್ತೇನೆ: ನೋಡುವವರು ಯಾರು? ವಯಸ್ಸೆಷ್ಟು? ಕನ್ನಡಕವಿದೆಯೇ, ಅದರಲ್ಲಿ ಸಿಲಿಂಡರ್ ನಂಬರ್ ಇದೆಯೇ? ಕೂತು ನೋಡಲು ಏನಿದೆ? ಇವಕ್ಕೆ ಉತ್ತರ ಸಿಕ್ಕ ಮೇಲೆ ಉಳಿಯುವುದು ಸರಳ. ವಿಶಾಲವಾಗಿ ನೋಡಲು ಒಂದು, ಗ್ರಹಗಳಿಗೆ ಒಂದು, ಬೇಕಿದ್ದರೆ ನಡುವೆ ಇನ್ನೊಂದು. ಆರೇಳು ಐಪೀಸಿನ ಸೂಟ್‌ಕೇಸು ಕೊಳ್ಳುವ ಹಣದಲ್ಲಿ ಊರಿಗೆ ನಾಲ್ಕು ಸಲ ಹೋಗಿಬರಬಹುದು. ಕತ್ತಲೆ ಅಲ್ಲಿ ಪುಕ್ಕಟೆ.

ಕಳೆದ ನವೆಂಬರಿನಲ್ಲಿ, 2025ರಲ್ಲಿ, ಅಪ್ಪ ಶನಿಯನ್ನು ಎಡಗಣ್ಣಿನಲ್ಲಿ ನೋಡಿದರು. ಬಳೆ ಆಗಲೂ ಗೆರೆಯಷ್ಟೇ, ಹೋದ ವರ್ಷಕ್ಕಿಂತಲೂ ತೆಳು. ಅವರಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. ಬಳೆ ಪೂರ್ತಿ ಅಗಲವಾಗಿ ತೆರೆದುಕೊಳ್ಳುವುದು 2032ರ ಹೊತ್ತಿಗೆ ಎಂದು ಮೊದಲೇ ನೋಡಿಟ್ಟಿದ್ದರು. ‘ಆಗ ನನಗೆ ಎಪ್ಪತ್ತು’ ಅಂದರು. ಐಪೀಸಿಗೆ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು. ‘ಸಿಲಿಕಾ ಜೆಲ್ ಬಣ್ಣ ತಿರುಗಿದೆ ನೋಡು. ನಾಳೆ ಬದಲಾಯಿಸು.’